ಎಲ್ಲರ ಗರಿ

ಕಡಲಂಚಿನ ತೆಂಗಿನ ಮರದ ಒಂದೇ ಗರಿಗೆ ಹನ್ನೊಂದು ಗೀಜಗಗಳು ಗೂಡು ಕಟ್ಟಿಕೊಂಡಿದ್ದವು. ಒಂದು ಬೆಳಗ್ಗೆ ಕಡಲಹಕ್ಕಿಯೊಂದು ಹಾರುತ್ತಲೇ ಕೂಗಿತು: "ಚಂಡಮಾರುತ ಬರುತ್ತಿದೆ! ನಿಮ್ಮ ಗರಿಯ ಬುಡ ಸೀಳಿದೆ, ನೋಡಿಕೊಳ್ಳಿ!"

ಬುಡಕ್ಕೆ ಹತ್ತಿರವಿದ್ದ ಗೀಜಗ ಕೂಡಲೇ ನಾರು ತಂದಿತು. "ಬನ್ನಿ, ಎಲ್ಲರೂ ಸೇರಿ ಬಿಗಿಯೋಣ. ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿಲ್ಲ. ನನ್ನೊಬ್ಬನಿಂದ ಆಗುವ ಕೆಲಸವಲ್ಲ."

"ಗೂಡು ನಮ್ಮದು, ಗರಿ ಮರದ್ದು. ಮರವೇ ನೋಡಿಕೊಳ್ಳಲಿ," ಎಂದಿತು ಹಿರಿಯ ಗೀಜಗ.

"ನಾನು ಗರಿ ಬೆಳೆಸಿಕೊಟ್ಟೆ. ಜೋತುಬಿದ್ದವರು ನೀವು, ರಿಪೇರಿಯೂ ನಿಮ್ಮದೇ," ಎಂದಿತು ಮರ.

"ಸೀಳು ನಿನ್ನ ಗೂಡಿನ ಪಕ್ಕದಲ್ಲೇ ಇದೆಯಲ್ಲ, ನೀನೇ ಕಟ್ಟಪ್ಪ," ಎಂದಿತು ತುದಿಯ ಗೀಜಗ.

ಗಾಳಿ ಜೋರಾಯಿತು. ಗೀಜಗಗಳು ಅವಸರದಲ್ಲಿ ಸಭೆ ಸೇರಿ ಒಮ್ಮತಕ್ಕೆ ಬಂದವು: ಅವರವರ ಗೂಡಿನ ಗಂಟು ಅವರವರೇ ಬಿಗಿದುಕೊಳ್ಳತಕ್ಕದ್ದು. ಸಂಜೆಯವರೆಗೂ ಎಲ್ಲವೂ ಕೊಕ್ಕು ನೋಯುವಷ್ಟು ಬಿಗಿದವು. ಬುಡದ ಗೀಜಗವೂ ಕಾದು ಕಾದು, ತಂದಿದ್ದ ನಾರನ್ನು ತನ್ನ ಗೂಡಿಗೇ ಸುತ್ತಿತು.

ಮರುದಿನ ಕಡಲಹಕ್ಕಿ ಮರಳಿ ಬಂದಾಗ ಗರಿ ನೀರಿನ ಮೇಲೆ ತೇಲುತ್ತಿತ್ತು. ಹನ್ನೊಂದು ಗೂಡುಗಳೂ ಅದಕ್ಕೇ ಅಂಟಿಕೊಂಡಿದ್ದವು. ಒಂದು ಗಂಟೂ ಸಡಿಲವಾಗಿರಲಿಲ್ಲ.