ಅರಳಲಾರೆನೆಂದ ಹೂಗಿಡ

ಸುಣ್ಣಕಲ್ಲಿನ ಬೆಟ್ಟದ ಕಡಿದಾದ ಇಳಿಜಾರಿನಲ್ಲಿ, ಬಂಡೆಯ ಬಿರುಕಿನೊಳಗೆ ಬೇರು ಬಿಟ್ಟು, ಒಂದು ಹೂಗಿಡ ಬದುಕಿತ್ತು. ಕಣ್ಣು ಹಾಯುವಷ್ಟು ದೂರ ಅದರ ಜಾತಿಯ ಗಿಡ ಇನ್ನೊಂದಿರಲಿಲ್ಲ. ಪ್ರತಿ ವರ್ಷ ಅದು ಅರಳುತ್ತಿತ್ತು, ಕಾಯಿ ಕಟ್ಟದೆ ಬಾಡುತ್ತಿತ್ತು. ಈ ಸಲ ಮೊಗ್ಗನ್ನು ಮುಚ್ಚಿಕೊಂಡೇ ಇದ್ದುಬಿಡೋಣ ಎಂದು ಅದು ತೀರ್ಮಾನಿಸಿತು.

ಒಂದು ಮಧ್ಯಾಹ್ನ ರೆಕ್ಕೆ ಹರಿದ ಮುದಿ ಜೇನುನೊಣವೊಂದು ಬಂದು ಆ ಮೊಗ್ಗಿನ ಮೇಲೆ ಕೂತಿತು.

"ಮುಂದೆ ಹೋಗಿ ಅಜ್ಜಿ," ಎಂದಿತು ಗಿಡ. "ನಾನಿನ್ನು ಅರಳುವುದಿಲ್ಲ. ಸಾಕಾಗಿದೆ. ನನ್ನವರು ಅನ್ನುವವರೇ ಇಲ್ಲದ ಕಡೆ ಯಾರಿಗಾಗಿ ಅರಳಲಿ?"

"ಕಮರಿಯ ಆಚೆ ಬದಿಯಲ್ಲಿ ನಿನ್ನಂಥದೇ ಒಂದಿದೆ, ತಾಯಿ. ಅಲ್ಲಿಂದಲೇ ಬರುತ್ತಿದ್ದೇನೆ. ಅದೂ ಇದೇ ಮಾತಾಡಿತು."

ನಂಬಲು ಗಿಡಕ್ಕೆ ಧೈರ್ಯ ಸಾಲಲಿಲ್ಲ. ಆದರೂ, "ಆಮೇಲೆ ಅದು ಅರಳಿತೇ?" ಎಂದು ಕೇಳಿತು.

"ಅರಳಿತು."

"ಏನು ಹೇಳಿ ಒಪ್ಪಿಸಿದಿರಿ?"

"ಒಪ್ಪಿಸುವಷ್ಟು ಶಕ್ತಿ ನನ್ನಲ್ಲಿ ಎಲ್ಲಿದೆ? ದಣಿದಿದ್ದೇನೆ, ಗಾಳಿಗೆ ಮರೆಯಾಗಿ ಸ್ವಲ್ಪ ಹೊತ್ತು ಕೂರಲು ಜಾಗ ಕೊಡು ಅಂದೆ. ನಿನ್ನಲ್ಲೂ ಅದನ್ನೇ ಕೇಳಲು ಬಂದೆ."

ದಣಿವೆಂದರೆ ಏನೆಂದು ಗಿಡಕ್ಕೆ ಚೆನ್ನಾಗಿ ಗೊತ್ತಿತ್ತು. ಅದು ಮೆಲ್ಲಗೆ ದಳ ಬಿಚ್ಚಿತು. ಜೇನುನೊಣ ಒಳಗೆ ಹೊಕ್ಕು, ಆಚೆಯ ಹೂವಿನ ಪರಾಗ ಮೆತ್ತಿದ ಕಾಲುಗಳನ್ನು ಹಾಗೇ ಚಾಚಿ ನಿದ್ದೆಹೋಯಿತು.

ಬಿಸಿಲು ಇಳಿದಾಗ ಗಿಡ ಕರೆಯಿತು. ಅಜ್ಜಿ ಏಳಲಿಲ್ಲ. ಗಿಡ ಮತ್ತೆ ಕರೆಯದೆ, ತನ್ನ ದಳಗಳನ್ನು ಅವಳ ಸುತ್ತ ಮುಚ್ಚಿತು. ಆ ವರ್ಷ ಮೊದಲ ಬಾರಿಗೆ ಅದು ಕಾಯಿ ಕಟ್ಟಿತು.