ಏಡಿ ಮಾತು ಬಿಟ್ಟ ಬೇಸಿಗೆ

ಲೋಕದ ಹಸಿ ಇನ್ನೂ ಆರಿರದ ಕಾಲ. ಬೆಟ್ಟಗಳು ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತೇ ಇದ್ದವು. ನದಿಗಳು ದಾರಿ ಕೇಳಿಕೊಂಡು ಹೋಗುತ್ತಿದ್ದವು. ಎಲ್ಲಕ್ಕೂ ಮಾತು ಬರುತ್ತಿತ್ತು. ಎಲ್ಲವೂ ಬುದ್ಧಿಯ ಮಾತನ್ನೇ ಆಡುತ್ತಿದ್ದವು ಎಂದಲ್ಲ.

ಒಂದು ನದಿ ಕಡಲು ಸೇರುವಲ್ಲಿ ಸುಸ್ತಾಗಿ, ಹೊತ್ತು ತಂದ ಮರಳನ್ನೆಲ್ಲ ಇಳಿಸಿತು. ಅದು ಕುದ್ರುವಾಯಿತು. ಸುತ್ತ ಉಪ್ಪುನೀರು, ನಡುವೆ ಬೊಗಸೆಯಷ್ಟು ಮರಳು.

ಮಳೆ ಕಡಲನ್ನು ಕೇಳಿತು: "ಕಡಲಪ್ಪ, ಈ ಮರಳಿನಡಿ ನನಗೂ ಸ್ವಲ್ಪ ಜಾಗ ಕೊಡು."

"ಅಲ್ಲಿ ನಾನೇ ಮಲಗಿದ್ದೇನಲ್ಲ" ಎಂದಿತು ಕಡಲು. "ಬೇಕಾದರೆ ನನ್ನ ಬೆನ್ನ ಮೇಲೆ ಮಲಗು. ನೀನು ಹಗುರ. ಆದರೆ ಒಂದು ಮಾತು. ನೀನು ತೆಳ್ಳಗಾದಷ್ಟೂ ನಾನು ಮೇಲೇಳುತ್ತೇನೆ. ಸಿಟ್ಟಿನಿಂದಲ್ಲ. ನನ್ನ ಮೈಯೇ ಹಾಗೆ."

"ನಡುವೆ ಗೋಡೆ ಬೇಡವೆ?"

"ಗೋಡೆ ಎಂತಕ್ಕೆ? ಯಾರೂ ಕೆದಕದಿದ್ದರೆ ಸಾಕು."

ಹೀಗೆ ಕುದ್ರುವಿನ ಅಡಿಯಲ್ಲಿ ಉಪ್ಪುನೀರು, ಅದರ ಬೆನ್ನ ಮೇಲೆ ಸಿಹಿನೀರು. ಒಂದರ ಮೇಲೊಂದು, ಜಗಳವಿಲ್ಲದೆ.

ಆ ಕುದ್ರುವಿನಲ್ಲಿ ಐತ ಎಂಬವನಿದ್ದ. ಮೀನು ಹಿಡಿಯುತ್ತಿದ್ದ. ಅವನ ಬಾವಿ ಎದೆಮಟ್ಟದ್ದು. ಕರಟಕ್ಕೆ ಕೋಲು ಸಿಕ್ಕಿಸಿದ ಸೌಟು ಚಾಚಿದರೆ ನೀರು ಸಿಗುತ್ತಿತ್ತು. ಬಾವಿಯಲ್ಲಿ ಒಂದು ಏಡಿ ಇತ್ತು. ಆಗ ಏಡಿ ಸಿಹಿನೀರಿನ ಜೀವಿ. ಮಾತು ಅದಕ್ಕೆ ಅಗತ್ಯಕ್ಕಿಂತ ಹೆಚ್ಚೇ ಬರುತ್ತಿತ್ತು.

ಐತ ಘಟ್ಟದ ಬುಡದಿಂದ ದುಗ್ಗುವನ್ನು ಮದುವೆಯಾಗಿ ಕರೆತಂದ. ಅವಳು ಮೊದಲ ಬೆಳಿಗ್ಗೆ ಬಾವಿಗೆ ಬಗ್ಗಿದರೆ ಒಳಗಿನಿಂದ ದನಿ ಬಂತು.

"ಅತ್ತಿಗೇ, ಇವತ್ತು ನೀರು ಎಳನೀರಿನ ಹಾಗಿದೆ! ನಿನ್ನೆಗಿಂತ ಒಂದು ಚೂರು ಮೇಲು."

"ನಿನ್ನನ್ನು ಯಾರು ಕೇಳಿದರು ಮಾರಾಯ?"

"ಕೇಳಿದ ಮೇಲೆ ಹೇಳುವುದು ದೊಡ್ಡಸ್ತಿಕೆಯಾ? ಮತ್ತೆ ಗೊತ್ತಾಯಿತಾ, ಬೆಳ್ಳಕ್ಕಿಗೆ ಮದುವೆಯಂತೆ. ಗಂಡಿಗೆ ಒಂದೇ ಕಾಲಂತೆ."

ದುಗ್ಗು ನಕ್ಕಳು. ಅಂದಿನಿಂದ ಅವಳು ಕೊಡ ತುಂಬಿದ ಮೇಲೂ ಬಾವಿಕಟ್ಟೆ ಬಿಟ್ಟು ಬೇಗ ಏಳುತ್ತಿರಲಿಲ್ಲ. ಏಡಿ ದಿನವೂ ನೀರು ಸವಿದು ವರದಿ ಒಪ್ಪಿಸುತ್ತಿತ್ತು. ಇವತ್ತು ಮಳೆಯ ವಾಸನೆ. ಇವತ್ತು ಬಿದಿರಕ್ಕಿ ತೊಳೆದ ನೀರಿನ ಹಾಗೆ. ಅಷ್ಟು ರುಚಿಗಳು ನಿಜಕ್ಕೂ ಇದ್ದವೋ, ಏಡಿಗೆ ಹೊತ್ತು ಹೋಗದೆ ಹೇಳುತ್ತಿತ್ತೋ, ಗೊತ್ತಿಲ್ಲ. ಮುಂದೆ ದುಗ್ಗು ಮುದುಕಿಯಾದಾಗ ಮಾತ್ರ, ಇದ್ದವು ಎಂದೇ ಹಟ ಹಿಡಿಯುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಅವಳ ಅಣ್ಣ ಬಂದ. ಬಾವಿ ನೋಡಿದ. ಸೊಂಟಕ್ಕೆ ಕೈಯಿಟ್ಟು ನಕ್ಕ.

"ಇದು ಬಾವಿಯೋ, ದೋಸೆ ಹಿಟ್ಟಿನ ಪಾತ್ರೆಯೋ? ನಮ್ಮ ಬಾವಿಗೆ ಕಲ್ಲು ಹಾಕಿದರೆ ಅದು ನೀರು ಮುಟ್ಟುವಷ್ಟರಲ್ಲಿ ಒಂದು ಕವಳ ಜಗಿದು ಉಗಿಯಬಹುದು."

ದುಗ್ಗುವಿಗೆ ಚುಚ್ಚಿತು. ಆ ವರ್ಷ ನೀರೂ ತಳ ಮುಟ್ಟಿತ್ತು. ತವರಿನಲ್ಲಿ ನೀರು ಇಳಿದರೆ ಬಾವಿಯನ್ನು ಇನ್ನಷ್ಟು ತೋಡುತ್ತಾರೆ. ಅಲ್ಲಿ ಅದೇ ಬುದ್ಧಿವಂತಿಕೆ. ಐತ ಕಡಲಿಗೆ ಹೋಗಿದ್ದಾಗ ಅಣ್ಣ ತಂಗಿ ಹಾರೆ ಹಿಡಿದರು.

"ಅತ್ತಿಗೇ, ಬೇಡ" ಎಂದಿತು ಏಡಿ. "ಕೆಳಗೆ ಮಲಗಿರುವವರನ್ನು ಎಬ್ಬಿಸುತ್ತೀರಿ."

"ನಿನ್ನ ಮನೆ ರಾಡಿಯಾಗುತ್ತದೆ ಎಂದು ನಿನ್ನ ತಕರಾರು. ಅತ್ತ ಸರಿ."

ತೋಡಿದರು. ನೀರು ಬುಳುಬುಳು ಎಂದು ಉಕ್ಕಿತು. "ಕಂಡ್ಯಾ?" ಎಂದ ಅಣ್ಣ. ಮೀಸೆ ತಿರುವಿಕೊಂಡು ಊರಿಗೆ ಹೋದ. ಬುದ್ಧಿ ಹೇಳಲು ಬಂದವರು ಫಲ ಕಾಣುವವರೆಗೆ ನಿಲ್ಲುವುದು ಆಗಲೂ ಕಡಿಮೆಯೇ.

ಕೆಲವು ದಿನ ಕಳೆದು ಏಡಿ ಹೇಳಿತು: "ಅತ್ತಿಗೇ, ನಾಲಿಗೆ ಚುರ್ ಎನ್ನುತ್ತಿದೆ."

"ಹೌದು, ಬೆಳ್ಳಕ್ಕಿಯ ಗಂಡನಿಗೂ ಒಂದೇ ಕಾಲು" ಎಂದಳು ದುಗ್ಗು.

ಆ ರಾತ್ರಿ ಐತ ಗಂಜಿ ಉಂಡು ಕೇಳಿದ: "ಉಪ್ಪು ಎಷ್ಟು ಹಾಕಿದೆ?"

"ಹಾಕಲೇ ಇಲ್ಲ."

ಇಬ್ಬರೂ ಗಂಜಿಯನ್ನು ನೋಡುತ್ತ ಕುಳಿತರು.

ಬೆಳಿಗ್ಗೆ ಐತ ದಡದಲ್ಲಿ ನಿಂತು ಕೂಗಿದ: "ಕಡಲಪ್ಪ, ನಮ್ಮ ಬಾವಿಯಿಂದ ಇಳಿ!"

"ನಾನೆಲ್ಲಿ ಹತ್ತಿದೆ ಮಾರಾಯ?" ಎಂದಿತು ಕಡಲು. "ಹೊದಿಕೆ ಎಳೆದಿರಿ, ಎಚ್ಚರವಾಯಿತು. ತೋಡಿದ್ದನ್ನು ಮುಚ್ಚಿ. ಮಳೆ ಬಂದು ಮೈಮೇಲೆ ಮಲಗಿದರೆ ಮತ್ತೆ ತಗ್ಗುತ್ತೇನೆ."

"ಎಷ್ಟು ಮಳೆ ಬೇಕು?"

"ಅದು ಯಾರಿಗೆ ಗೊತ್ತು?"

ಬಾವಿಯ ಅಡಿಗೆ ಮರಳು ತುಂಬಿ ಮೊದಲಿನ ಆಳಕ್ಕೆ ತಂದರು. ಆಚೆ ದಡದಿಂದ ದೋಣಿಯಲ್ಲಿ ನೀರು ತಂದು ಕುಡಿದರು. ಐತ ಬಲೆ ಹಾಕುವ ಹೊತ್ತೆಲ್ಲ ಕೊಡ ಹೊರುವುದರಲ್ಲೇ ಹೋಯಿತು.

"ಮಳೆಗಾಲ ಅರ್ಧವಾಗಲಿ" ಎಂದ ಅವನು. "ಆಗಲೂ ನೀರು ಉಪ್ಪಿದ್ದರೆ ಕುದ್ರು ಬಿಡುವುದೇ. ಬೇರೆ ದಾರಿ ಇಲ್ಲ."

ದುಗ್ಗು ಮದುವೆಯಾಗಿ ಬಂದಾಗ ಈ ಮರಳಗುಡ್ಡೆಯನ್ನು ನೋಡಿ ಮನಸ್ಸಿನಲ್ಲೇ ನಕ್ಕಿದ್ದಳು. ಈಗ ಅದನ್ನು ಬಿಡುವ ಮಾತು ಕೇಳಿ ಅಳು ಬಂತು. ಬಾವಿಕಟ್ಟೆಗೆ ಹೋಗಿ ಕುಳಿತಳು.

"ಅಳಬೇಡ ಅತ್ತಿಗೆ" ಎಂದಿತು ಏಡಿ. "ಉಪ್ಪುನೀರು ಈಗಾಗಲೇ ಸಾಕಷ್ಟಿದೆ. ಸಿಹಿ ಎಲ್ಲಿ ಉಳಿದಿದೆ, ಎಲ್ಲಿಂದ ಬರುತ್ತದೆ, ನಾನು ಕಂಡುಹಿಡಿಯುತ್ತೇನೆ. ಬಾವಿ ಒಂದನ್ನೇ ನೋಡಿದರೆ ಆಗದು."

ಅದು ಕುದ್ರುವಿನ ತುಂಬ ಗುಳಿ ತೋಡಿತು. ಪ್ರತಿ ಗುಳಿಗೂ ಇಳಿಯಿತು. ಸವಿಯಿತು, ಉಗಿಯಿತು, ಮೇಲೆ ಬಂದು ಹೇಳಿತು.

"ಬಾವಿಯ ಹತ್ತಿರ ಪೂರಾ ಉಪ್ಪು. ತೆಂಗಿನ ಬುಡದಲ್ಲಿ ಅರೆ ಉಪ್ಪು. ಕೇದಗೆಯ ಮೆಳೆಯಲ್ಲಿ ಪರವಾಗಿಲ್ಲ, ಆದರೆ ಬೆಳ್ಳಕ್ಕಿ ಅಲ್ಲೇ ಸಂಸಾರ ಹೂಡಿದ್ದಾಳೆ, ನಾಚಿಕೆಯಿಲ್ಲ."

ದಿನವೂ ಇಳಿಯಿತು. ದಿನವೂ ಸವಿಯಿತು. ದಿನವೂ ಉಗಿಯಿತು. ಉಪ್ಪು ಬಾಯಿ ಸುಡುತ್ತ ಬಂದಂತೆ ಮಾತು ಕುಗ್ಗಿತು. ಮೊದಲು ಬೆಳ್ಳಕ್ಕಿಯ ಸುದ್ದಿ ನಿಂತಿತು. ಆಮೇಲೆ "ಅತ್ತಿಗೆ, ಉಪ್ಪು" ಎಂದಷ್ಟೇ. ಆಮೇಲೆ "ಉಪ್ಪು".

"ಸಾಕು ಮಾಡೋ, ಬಾಯಿ ಹುಣ್ಣಾಗಿದೆ" ಎಂದಳು ದುಗ್ಗು.

"ಇನ್ನೊಂದು ಗುಳಿ" ಎಂದಿತು ಏಡಿ. ಅದು ಆಡಿದ ಕೊನೆಯ ಮಾತು. ಅದು ಕೊನೆಯದೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಮಳೆ ಬಂತು. ಬಿದ್ದ ಮಳೆ ಮರಳಿನಲ್ಲಿ ಇಳಿದು, ಕಡಲಿನ ಬೆನ್ನ ಮೇಲೆ ಒಂದೊಂದೇ ಪದರವಾಗಿ ಮಲಗಿತು. ಮಳೆಗಾಲ ಅರ್ಧವಾಯಿತು. ಹಿಂದಿನ ವಾರ ಐತ ಸವಿದಾಗಲೂ ಬಾವಿಯ ನೀರು ಉಪ್ಪೇ ಇತ್ತು. ಐತ ಚಾಪೆ, ಮಡಕೆ, ಬಲೆಗಳನ್ನು ದೋಣಿಗೆ ತುಂಬಿ ಹುಟ್ಟು ಹಿಡಿದ.

ಆಗ ಏಡಿ ಗುಳಿಯಿಂದ ಹೊರಬಿದ್ದು ದುಗ್ಗುವಿನ ಕಾಲ ಬಳಿಗೆ ಓಡಿ ಬಂತು. ಕೊಂಡಿ ಎತ್ತಿತು. ಬಾಯಿ ತೆರೆಯಿತು. ಮಾತು ಬರಲಿಲ್ಲ. ಬುಸುಬುಸು ನೊರೆ ಬಂತು.

"ಸಿಹಿಯಾ? ಉಪ್ಪಾ? ಹೇಳೋ!"

ನೊರೆ.

ದುಗ್ಗು ಬಾವಿಗೆ ಓಡಿದಳು. ಬೊಗಸೆಯಲ್ಲಿ ನೀರೆತ್ತಿ ತಾನೇ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಆಮೇಲೆ ಕುದ್ರುವೆಲ್ಲ ಕೇಳುವ ಹಾಗೆ ಕೂಗಿದಳು: "ಹ್ವಾಯ್! ಮಡಕೆ ಇಳಿಸಿ! ಸಿಹಿ!"

ಐತ ಹುಟ್ಟು ಕೆಳಗಿಟ್ಟು ನಕ್ಕ. ದುಗ್ಗು ಏಡಿಯನ್ನು ಅಂಗೈಯಲ್ಲಿಟ್ಟು ಸಿಹಿನೀರಿನಿಂದ ಅದರ ಬಾಯಿ ತೊಳೆದಳು. ಮತ್ತೆ ಮತ್ತೆ ತೊಳೆದಳು. ನೊರೆ ಹೋಗಲಿಲ್ಲ, ಮಾತು ಮರಳಲಿಲ್ಲ. ಬಾವಿಯೊಳಗೆ ಬಿಟ್ಟರೂ ಅದು ನಿಲ್ಲಲಿಲ್ಲ. ಗುಳಿ ನೋಡುವುದೇ ಅದಕ್ಕೆ ಅಭ್ಯಾಸವಾಗಿಹೋಗಿತ್ತು. ಬಾವಿಯಲ್ಲಿ ನೀರು ಉಳಿಯಿತು, ಸದ್ದು ಉಳಿಯಲಿಲ್ಲ. ಕೊಡ ಬೇಗ ತುಂಬುತ್ತಿತ್ತು. ತುಂಬಿದ ಮೇಲೂ ದುಗ್ಗು ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂರುತ್ತಿದ್ದಳು.

ಅದಕ್ಕೇ ಮಗು, ಏಡಿ ಇವತ್ತಿಗೂ ದಡದ ಮರಳಿನಲ್ಲಿ ಗುಳಿಯ ಮೇಲೆ ಗುಳಿ ತೋಡಿ ಅಡಿಯ ನೀರು ಸವಿದು ಬರುತ್ತದೆ, ನಿನ್ನನ್ನು ಕಂಡೊಡನೆ ಕಣ್ಣೆರಡನ್ನೂ ಎತ್ತಿ ಏನನ್ನೋ ಹೇಳಲು ನಿಲ್ಲುತ್ತದೆ, ಬಾಯಿ ತುಂಬ ನೊರೆಯಷ್ಟೇ ಬರುವುದನ್ನು ಕಂಡು ನಾಚಿ ಅಡ್ಡಡ್ಡ ಓಡಿಹೋಗುತ್ತದೆ.