ಗಡ್ಡೆಯ ಕಾವಲುಗಾರ

ಸಾರವ್ವನ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆಯೊಂದು ಬೆಳೆಯುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಸಾಕು, ಅವಳಿಗೆ ಏದುಸಿರು ಬರುತ್ತಿತ್ತು. ಗಡ್ಡೆಯನ್ನು ನುಂಗಿಹಾಕಬೇಕಾಗಿದ್ದ ಬಿಳಿ ರಕ್ತಕಣವೇ ಅದರ ಬಾಗಿಲು ಕಾಯುತ್ತಿತ್ತು. "ನಾನು ಹೊರಗಿನವನಲ್ಲಪ್ಪ, ಇದೇ ಮೈಯಲ್ಲಿ ಹುಟ್ಟಿದವನು" ಎಂದು ಗಡ್ಡೆ ಅದನ್ನು ನಂಬಿಸಿತ್ತು.

ಒಂದು ದಿನ ವೈದ್ಯರು ಸೂಜಿಯಲ್ಲಿ ಕೊಟ್ಟ, ಧೂಳಿಗಿಂತ ಸಣ್ಣದಾದ ಔಷಧದ ಗುಳಿಗೆಯೊಂದು ರಕ್ತದಲ್ಲಿ ತೇಲುತ್ತ, ದಾರಿಯಲ್ಲಿ ಬೇರೆಲ್ಲೂ ನುಗ್ಗದೆ, ನೇರವಾಗಿ ಬಿಳಿಕಣದ ಮುಂದೆ ಬಂದು ನಿಂತಿತು.

"ಹೊರಗಿನವನು! ನುಂಗು ಅವನನ್ನು!" ಎಂದು ಗಡ್ಡೆ ಕಿರುಚಿತು.

"ಹಿಂದೆ ಹೋಗು, ಇಲ್ಲವಾದರೆ ನುಂಗುತ್ತೇನೆ" ಎಂದಿತು ಬಿಳಿಕಣ.

ಗುಳಿಗೆ ಕದಲಲಿಲ್ಲ. "ನಾನು ಬಂದಿದ್ದು ಗಡ್ಡೆಯ ಹತ್ತಿರ ಅಲ್ಲ, ನಿನ್ನ ಹತ್ತಿರ. ನುಂಗು" ಎಂದಿತು.

ಗಡ್ಡೆಗೆ ಅನುಮಾನ ಬಂತು. "ತಡೆ, ಬೇಡ!" ಎನ್ನುವಷ್ಟರಲ್ಲಿ ಬಿಳಿಕಣ ನುಂಗಿಯಾಗಿತ್ತು. ಹೊಟ್ಟೆಯೊಳಗೆ ಗುಳಿಗೆ ಒಡೆದು ಔಷಧ ಹರಡಿತು, ಗಡ್ಡೆ ಬಿಳಿಕಣಕ್ಕೆ ಹಿಡಿಸಿದ್ದ ಮಂಪರು ಇಳಿಯಿತು. ಇಷ್ಟು ದಿನ ಗಡ್ಡೆಗೆ ಬೆನ್ನು ಮಾಡಿ ನಿಂತಿದ್ದ ಅದು ಮೆಲ್ಲಗೆ ತಿರುಗಿತು.

"ಯಾಕಪ್ಪ ಹಾಗೆ ನೋಡ್ತೀಯ? ನಾನು ನಿಮ್ಮವನೇ ಅಲ್ಲವೇ?" ಗಡ್ಡೆ ತೊದಲಿತು.

"ನಮ್ಮವನೇ" ಎಂದಿತು ಬಿಳಿಕಣ, ಬಾಯಿ ತೆರೆಯುತ್ತ. "ಅದಕ್ಕೇ ಇಷ್ಟು ತಡವಾಯಿತು."